ಯಾರೂ ಮುಟ್ಟದ ಡಬ್ಬಿ

"ಈ ಕೂಸುಗಳ ಮಾರಿ ಯಾವ ನಾಯಿ ನೆಕ್ಕಿ ಹೋತು?"

ಗೋಡೆಯ ಫೋಟೊಗಳ ಧೂಳು ಒರೆಸುತ್ತ ದುರಗವ್ವ ಕೇಳಿದ್ದು ಯಾರನ್ನೂ ಅಲ್ಲ. ಡಫಳಾಪುರದ ಆ ಅನಾಥಾಶ್ರಮದ ಪಡಸಾಲೆಯ ತುಂಬ ಫೋಟೊಗಳೇ. ಎಲ್ಲದರಲ್ಲೂ ಅಧ್ಯಕ್ಷ ಶಿವಯೋಗೆಪ್ಪನವರ ಮುಖ ಹುಣ್ಣಿಮೆಯ ಚಂದ್ರನಂತೆ ಬೆಳಗುತ್ತಿತ್ತು. ಅವರ ಕೈಯಿಂದ ಬಾಳೆಹಣ್ಣು, ಕಂಬಳಿ, ಪಾಟಿ ಇಸಿದುಕೊಳ್ಳುವ ಮಕ್ಕಳ ಮುಖಗಳು ಮಾತ್ರ ಮಸುಕು ಮಾಡಿ ಕಲಸಿದ ಹಿಟ್ಟು. ಇಂಥ ಮಕ್ಕಳ ಮುಖ ತೋರಿಸಬಾರದೆಂದು ಕಾಯ್ದೆ. ಶಿವಯೋಗೆಪ್ಪನವರು ಕಾಯ್ದೆಗೆ ತಲೆಬಾಗುವವರು. ದೊಡ್ಡವರ ಮುಖ ಮುಚ್ಚಬೇಕೆಂದು ಯಾವ ಕಾಯ್ದೆಯೂ ಹೇಳಿರಲಿಲ್ಲ.

ದೈವಭಕ್ತರೂ ಹೌದು. ಬೆಳಗಾದರೆ ಮಕ್ಕಳನ್ನು ಸಾಲಾಗಿ ಕೂರಿಸಿ, ಮೇಲು ಕೀಳೆಂಬುದಿಲ್ಲ ಎನ್ನುವ ವಚನಗಳನ್ನು ರಾಗವಾಗಿ ಹೇಳಿಸುವರು. ಕಸ ಹೊಡೆಯಲು ಒಳಗೆ ಬರಬಹುದಾದ ದುರಗವ್ವ ಪ್ರಾರ್ಥನೆಗೆ ಬರುವಂತಿರಲಿಲ್ಲ. ಹೊಸ್ತಿಲಾಚೆ ನಿಂತು ಕೇಳಿ ಕೇಳಿ ಅವಳಿಗೆ ಅವೆಲ್ಲ ಬಾಯಿಪಾಠ. ಹೊಸ್ತಿಲಿಗೆ ಮಾತ್ರ ಇನ್ನೂ ಒಂದೂ ಬಂದಿರಲಿಲ್ಲ.

ಹೊಸ ಮಗು ಬಂದ ದಿನ ಅದರ ಬಟ್ಟೆಗಂಟು ಸುಡುವುದು ಅವಳದೇ ಕೆಲಸ. ಅಧ್ಯಕ್ಷರು ಕೂಗುವರು: "ಏ ದುರಗಿ, ಹೇನ ಹತ್ತತಾವು, ಒಯ್ದ ಸುಡು." ಸುಡುವಳು. ಸುಡುವ ಮುನ್ನ ಗಂಟು ಬಿಚ್ಚಿ, ಫೋಟೊ ಗೀಟೊ ಸಿಕ್ಕರೆ ಅದೇ ಅರಿವೆಯ ಚಿಂದಿಯಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕುವಳು. ಯಾವ ಚಿಂದಿ ಯಾವ ಕೂಸಿನದೆಂದು ಓದು ಬಾರದವಳಿಗೆ ಅದೇ ಗುರುತು. ಡಬ್ಬಿ ಇರುತ್ತಿದ್ದುದು ಸಂಡಾಸದ ಕೋಣೆಯಲ್ಲಿ, ಫಿನಾಯಿಲು ಕಸಬರಿಗೆಗಳ ನಡುವೆ. ಬೀಗ ಬೇಕಿರಲಿಲ್ಲ. ದುರಗಿಯ ಡಬ್ಬಿಗೆ ಬೆರಳು ತಾಗಿಸುವ ಪಾಪವನ್ನು ಆಶ್ರಮದ ದೊಡ್ಡವರಾರೂ ಮಾಡುವವರಲ್ಲ. ಹುಟ್ಟಿದಾಗಿನಿಂದ ಅವಳನ್ನು ಹೊರಗಿಟ್ಟ ಜಾತಿ ಇದೊಂದು ಕಾವಲನ್ನಾದರೂ ಪುಕ್ಕಟೆ ಮಾಡುತ್ತಿತ್ತು.

"ಆಯಿ," ಪಂಚಶೀಲಾ ಬಂದು ಸೆರಗು ಜಗ್ಗಿದಳು. ಒಂಬತ್ತರ ಹುಡುಗಿ, ಎರಡು ವರ್ಷದವಳಿದ್ದಾಗ ಬಂದವಳು. ಅವಳನ್ನು ಸಾಕಲು ಮಿರಜದ ಮನೆಯೊಂದು ಒಪ್ಪಿತ್ತು, ಇವತ್ತೇ ಹೊರಡಬೇಕು. "ಆ ಮನ್ಯಾಗ ಕೇಳಿದ್ರ ಏನ ಹೇಳ್ಲಿ? ಯಳವಿ ಊರಾಗಿನ ತಿಪ್ಪ್ಯಾಗ ಸಿಕ್ಕಾಕಿ ಅಂತ ಹೇಳ್ಲೇನು?"

"ಯಾವ ಭಾಡ್ಯಾ ಹೇಳ್ಯಾನ ಹಂಗ?"

"ಅಧ್ಯಕ್ಷ ಅಣ್ಣಾರು. ದಾನಾ ಕೊಡಾವ್ರು ಬಂದಾಗೆಲ್ಲಾ ನನ್ನ ಮುಂದ ನಿಲ್ಲಿಸಿ ಹೇಳ್ತಾರಲ್ಲ, ನಾಯಿ ಬಾಯಾಗಿಂದ ಕಸಗೊಂಡ ತಂದೀವಿ ಅಂತ."

ದುರಗವ್ವ ಅರಿವೆ ಕೆಳಗಿಟ್ಟು ಬಾಯಿ ತೆರೆದಳು. ಅಷ್ಟರಲ್ಲಿ ಜೀಪು ಬಂತು, ಅವಳು ಹೊಸ್ತಿಲಾಚೆ ಸರಿದಳು.

ಸಾಂಗ್ಲಿಯ ಮಕ್ಕಳ ಕಲ್ಯಾಣ ಕಚೇರಿಯಿಂದ ಬಂದ ವಿಜಯಶ್ರೀ ಮ್ಯಾಡಮ್ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಕೂಸಿನ ಸಣ್ಣಂದಿನ ಫೋಟೊ, ನೆನಪು ಏನೈತಿ ಎಲ್ಲಾ ಅದರ ಜೋಡಿ ಹೋಗಬೇಕ್ರಿ. ತಯಾರ ಐತೇನು?"

ಶಿವಯೋಗೆಪ್ಪನವರು ಜರಿಯಂಚಿನ ಅಲ್ಬಮ್ ಚಾಚಿದರು. ಮ್ಯಾಡಮ್ ಹಾಳೆ ತಿರುವಿದರು, ಮತ್ತೆ ತಿರುವಿದರು.

"ಇದರಾಗ ಕೂಸ ಯಾವುದ್ರಿ?"

"ಇದ ನೋಡ್ರಿ, ನನ್ನ ಎಡಗೈ ಬಾಜೂಕ."

"ಮಾರೀನ ಇಲ್ಲಲ್ರಿ ಇದಕ್ಕ!"

"ಕಾಯ್ದೇರಿ ಮ್ಯಾಡಮ್. ನಾವು ಕಾಯ್ದೆ ಬಿಟ್ಟ ಒಂದ ಹೆಜ್ಜಿ ಇಡಾವ್ರಲ್ಲ."

"ಅದು ಪೇಪರಿಗೆ ಕೊಡೂವಾಗರಿ. ಕೂಸಿಗೆ ಅದರ ಮಾರೀನ ತೋರಸಬ್ಯಾಡಂತ ಯಾವ ಕಾಯ್ದೆ ಹೇಳತೈತಿ?"

"ಮಾರಿ ನನ್ನ ಕಡೆ ಐತ್ರಿ," ಎಂದಿತು ಹೊಸ್ತಿಲಾಚೆಯ ದನಿ.

ಡಬ್ಬಿ ಬಂತು. ಫಿನಾಯಿಲ್ ವಾಸನೆಗೆ ಶಿವಯೋಗೆಪ್ಪನವರು ಮೂಗಿಗೆ ಕರವಸ್ತ್ರ ಹಿಡಿದರು. ಹಸಿರು ಹೂವಿನ ಚಿಂದಿ ಬಿಚ್ಚಿದರೆ ಒಳಗೊಂದು ಫೋಟೊ: ಕಬ್ಬಿನ ರಾಶಿಯ ಮುಂದೆ ತಲೆಗೆ ಅರಿವೆ ಸುತ್ತಿದ ಹೆಂಗಸು, ಕೈಯಲ್ಲಿ ಕುಡಗೋಲು, ಟೊಂಕದ ಮೇಲೆ ಎರಡೇ ಹಲ್ಲು ಬಿಟ್ಟು ನಗುವ ಕೂಸು.

"ಇದು ನಾನಾ?"

"ನೀನ. ಇಕಿ ನಿಮ್ಮವ್ವ. ಕಬ್ಬ ಕಡ್ಯಾಕ ಹೋದಲ್ಲೇ ಜ್ವರಾ ಬಂದ ಸತ್ಲು. ನಿಮ್ಮಜ್ಜಿ ಇದನ್ನ ನನ್ನ ಮುಂದ ಹೇಳಿ, ಅಳಕೋತ ನಿನ್ನ ಇಲ್ಲಿ ಬಿಟ್ಟ ಹೋದ್ಲು. ತಿಪ್ಪ್ಯಾಗಿಂದಲ್ಲವ್ವಾ, ಅವ್ವನ ಟೊಂಕದ ಮ್ಯಾಲಿಂದ ಬಂದಾಕಿ ನೀ."

ಪಂಚಶೀಲಾ ಫೋಟೊವನ್ನು ಎದೆಗೆ ಒತ್ತಿಕೊಂಡಳು. ಮ್ಯಾಡಮ್ ಶಿವಯೋಗೆಪ್ಪನವರನ್ನು ನೋಡಿದರು. ಶಿವಯೋಗೆಪ್ಪನವರು ನಕ್ಕರು, ಗೋಡೆಯ ಮೇಲಿದ್ದ ನಗುವೇ.

"ಭಾಳ ಚಲೋ ಕೆಲಸಾ ಮಾಡಿದಿ ದುರಗವ್ವ." ಇಷ್ಟು ವರ್ಷಕ್ಕೆ ಮೊದಲ ಸಲ ಅವಳ ಪೂರ್ತಿ ಹೆಸರು ಅವರ ಬಾಯಿಂದ ಬಂತು. ನಿನ್ನೆಯ ಪೇಪರನ್ನು ನೆಲಕ್ಕೆ ಹಾಸಿದರು. "ಡಬ್ಬಿ ಇದರ ಮ್ಯಾಲ ಇಡು. ಆ ಫೋಟೊನೂ ಇಸ್ಕೊಂಡ ಇಡು. ಸಂಸ್ಥಾದ ಆಸ್ತಿ ಅದು. ಕೂಸಿನ್ನ ಅಷ್ಟ ಕತ್ತರಿಸಿ ಅಲ್ಬಮಿಗೆ ಅಂಟಸೂಣು. ಆ ಕುಡಗೋಲಿನಾಕಿ ಯಾಕ ಬೇಕು? ಉಳದ ಹುಡುಗೂರದೂ ಹಂಗ ಮಾಡೂಣು."

ದುರಗವ್ವ ಕದಲಲಿಲ್ಲ.

"ಕೇಳಸಲಿಲ್ಲೇನ? ನಾಳಿಂದ ಕೆಲಸಾ ಬ್ಯಾಡೇನ ನಿನಗ? ಕೊಡ ಇಲ್ಲಿ."

ಅವಳು ನೆಲದ ಪೇಪರ್ ನೋಡಿದಳು. ಅದರಲ್ಲೂ ಅವರೇ ನಗುತ್ತಿದ್ದರು. ಡಬ್ಬಿಯ ಮುಚ್ಚಳ ಒತ್ತಿ, ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿ ಟೊಂಕಕ್ಕೆ ಏರಿಸಿಕೊಂಡಳು.

"ಕೊಡಂಗಿಲ್ಲ."