ಹೂವಿನ ಶೆಡ್ಡಿನ ಕುಡುಕ

"ಊದೋ ಬೋಳಿಮಗನೆ! ಬಾಯಿ ಬಿಟ್ಟು ಊದು!"

ರಾಜಾನುಕುಂಟೆಯ ಗುಲಾಬಿ ಶೆಡ್ಡಿನ ಒಡೆಯ ಸುಬ್ರಮಣಿ, ಮುನಿವೆಂಕಟಯ್ಯನ ಮೂತಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಮುನಿವೆಂಕಟಯ್ಯನ ಕೈಯಿಂದ ಜಾರಿದ ಹೂವಿನ ಬಕೆಟ್ಟು ಕಾಲ ಬಳಿ ಮಗುಚಿಕೊಂಡಿತ್ತು. ಹೂವು ಕಟ್ಟುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಅವರಲ್ಲಿ ಅವನ ಹೆಂಡತಿ ಗೋಪಾಲಮ್ಮನೂ ಇದ್ದಳು.

ಮುನಿವೆಂಕಟಯ್ಯ ಊದಿದ. ಹೆಂಡದ ವಾಸನೆ ಎಲ್ಲಿಂದ ಬರಬೇಕು? ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವನಲ್ಲ. ಹನ್ನೊಂದು ವರ್ಷದಿಂದ ಹೂವಿಗೆ ಹುಳದ ಔಷಧಿ ಹೊಡೆಯುವವನು. ಕೋಲಿನಲ್ಲಿ ತಿರುವಿದರೆ ಪುಡಿ ತಳದಲ್ಲಿ ಗಂಟು ಕಟ್ಟುತ್ತದೆಂದು ಮೊಣಕೈವರೆಗೆ ಬರಿಗೈ ಅದ್ದಿ ಡ್ರಮ್ಮು ಕಲಸುವವನು. ತನ್ನಷ್ಟು ಹದವಾಗಿ ಕಲಸುವವರು ಸುತ್ತ ಹತ್ತೂರಲ್ಲಿಲ್ಲ ಎಂಬ ಜಂಬ ಬೇರೆ! ಈಗ ಆ ಕೈಯಲ್ಲಿ ಕಾಫಿ ಲೋಟ ನಿಲ್ಲುವುದಿಲ್ಲ. ಕಾಲು ಎಳೆಯುತ್ತದೆ, ದಿನಾ ನೋಡುವವರ ಹೆಸರೇ ಮರೆಯುತ್ತದೆ. ಇವತ್ತು ಬಕೆಟ್ಟು ಬೀಳುವ ಮೊದಲೇ ಪಂಚೆ ಒದ್ದೆಯಾಗಿತ್ತು. ಬಕೆಟ್ಟಿನ ನೀರೂ ಚೆಲ್ಲಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಅಷ್ಟೇ ಪುಣ್ಯ.

"ಒಸಿ ಕುಡ್ದಿದ್ದೆ ಸಾಮಿ," ಎಂದುಬಿಟ್ಟ.

ಕುಡುಕನನ್ನು ಬೈದಾದರೂ ಇಟ್ಟುಕೊಳ್ಳುತ್ತಾರೆ. ಕಾಯಿಲೆ ಎಂದ ಜೊತೆ ಕೆಲಸಗಾರ ಮುನಿರಾಮಯ್ಯನನ್ನು ಹೋದ ವರ್ಷ ಅವತ್ತೇ ಗೇಟಿನಾಚೆ ದಬ್ಬಿದ್ದರು.

ಗೋಪಾಲಮ್ಮ ಎದ್ದಳು. "ಇವ್ರು ಕುಡಿಯಲ್ಲ. ಆ ಡ್ರಮ್ಮಿನ ಇಸದಿಂದ್ಲೇ ಇಂಗಾಗಿರೋದು."

"ನಿನ್ ಗಂಡನೇ ಒಪ್ಕೊಂಡವ್ನೆ, ನಿಂದೇನೇ ಸುಳ್ಳಿ?" ಸುಬ್ರಮಣಿ ಚಪ್ಪಲಿ ಬಿಚ್ಚಿ ಅವಳ ಮುಂದೆ ಎಸೆದ. "ತಗೋ, ಕುಡುಕನ್ಗೆ ಎಲ್ಲಾರ್ ಮುಂದೆ ಎರಡು ಬಾರ್ಸು, ಕೆಲ್ಸ ಇರ್ತದೆ. ಇಲ್ಲಾ ಕಾಯ್ಲೆ ಅನ್ನು, ಇಬ್ರೂ ಒಂಟೋಗಿ."

ಅವಳು ಚಪ್ಪಲಿ ಮುಟ್ಟಲಿಲ್ಲ. ಗಂಡನ ಮುಖ ನೋಡಿದಳು. ಮುನಿವೆಂಕಟಯ್ಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ತನ್ನ ಮಾನ ಮುಚ್ಚಿಕೊಳ್ಳಲು ಹೋಗಿ ಅವಳನ್ನು ಸುಳ್ಳಿ ಮಾಡಿದ್ದ.

"ಕುಡ್ದಿಲ್ಲ," ಎಂದ. ನಾಲಿಗೆ ತೊದಲಿತು. ಪಂಚೆ ಹಿಡಿದು ತೋರಿಸಿದ. "ಇದು ಬಕೆಟ್ ನೀರಲ್ಲ. ಉಚ್ಚೆ. ದಿನಾ ಇಂಗೇ ಓಯ್ತದೆ, ನಂಗೇ ಗೊತ್ತಾಗಲ್ಲ. ನಿನ್ ಔಸ್ದಿ ಕಲಸೀ ಕಲಸೀ ಇಂಗಾದೆ. ನೋಡು."

ಹೂವು ಕಟ್ಟುವವಳೊಬ್ಬಳು ಮೂಗು ಮುಚ್ಚಿಕೊಂಡಳು. ಸುಬ್ರಮಣಿ ಥೂ ಎಂದು ಮುಖ ತಿರುಗಿಸಿದ.

"ನೋಡೋ!" ಎಂದು ಕಿರುಚಿದ ಮುನಿವೆಂಕಟಯ್ಯ.

ಗೋಪಾಲಮ್ಮ ಚಪ್ಪಲಿ ದಾಟಿ ಬಂದಳು. ಎಲ್ಲರೆದುರಿಗೇ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಅವನ ಕಾಲು ಒರೆಸತೊಡಗಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ಆದರೂ ಕಾಲು ಹಿಂದಕ್ಕೆ ತೆಗೆಯಲಿಲ್ಲ.