ಎರ್ಮೆತೆಯ ಗಂಟು

ಚೆಸೀರಾ ಸತ್ತ ಗಂಡ ಎರ್ಮೆತೆಯ ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಹಿಡಿದು ಸೆಣಬಿನ ದಾರವನ್ನು ಎರಡು ಸುತ್ತು ಸುತ್ತಿದಳು. ತುದಿಯನ್ನು ಸುತ್ತಿನ ಅಡಿಯಿಂದ ತೂರಿಸಿ, ಹಿಂದಕ್ಕೆ ಮಡಚಿ, ಹಲ್ಲಿನಿಂದ ಕಚ್ಚಿ ಎಳೆದಳು. ಗಂಟು ಬಿಗಿದುಕೊಂಡಿತು.

"ಅಮ್ಮಾ, ಅದು ಅಪ್ಪನ ಗಂಟಲ್ವಾ?"

ಬಾಗಿಲಲ್ಲಿ ಲೀಡಾ ನಿಂತಿದ್ದಳು. ಯಾರದೋ ಕಪ್ಪು ಲಂಗ ಹದಿನೇಳರ ಆ ಹುಡುಗಿಯ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಚೆಸೀರಾ ಹೌದೆಂದು ತಲೆಯಾಡಿಸಿದಳು.

"ನಿಂಗದು ಯಾವಾಗ ಬಂತು? ನೀನು ಒಂದು ದಿನಾನೂ ಸಲಾಮಿ ಕಟ್ಟಿದವಳಲ್ಲ."

"ಇಷ್ಟು ವರ್ಷ ನೋಡಿದೀನಿ. ನೋಡಿ ನೋಡಿ ಬಂತು."

"ಆದ್ರೆ ಕೈ ಯಾಕೆ ಕಟ್ಟಿದೆ?"

"ಜಪಮಾಲೆ ಜಾರಬಾರದು ಅಂತ."

ಲೀಡಾ ಹತ್ತಿರ ಬಂದು ಗಂಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. "ಸರಿಯಾಗೇ ಕಟ್ಟಿದೀಯ," ಎಂದು ಮತ್ತೆ ಅತ್ತಳು.

ಚಳಿಗಾಲ ಬಂತೆಂದರೆ ಮನೆಮನೆಗೆ ಹೋಗಿ ಹಂದಿ ಕೊಯ್ದು, ಕರುಳಿಗೆ ಮಾಂಸ ತುಂಬಿ ಸಲಾಮಿ ಕಟ್ಟಿಕೊಡುವುದು ಎರ್ಮೆತೆಯ ಕಸುಬು. ಮಾಂಸ ಒಣಗಿ ಕುಗ್ಗಿದಾಗ ಬೇರೆಯವರ ಗಂಟು ಸಡಿಲವಾಗುತ್ತಿತ್ತು. ಅವನದು ಒಣಗಿದಷ್ಟೂ ಬಿಗಿಯುತ್ತಿತ್ತು. ಅದು ಅವನೇ ಕಂಡುಕೊಂಡ ಗಂಟು. ಬೇರೆ ಕಸಾಯಿಗಳು ಹೆಂಡ ಕುಡಿಸಿ ಕೇಳಿದರೂ ಹೇಳಿಕೊಟ್ಟಿರಲಿಲ್ಲ. ಮಗಳೊಬ್ಬಳಿಗೆ ಮಾತ್ರ, ಅವಳ ಪುಟ್ಟ ಬೆರಳುಗಳನ್ನು ತನ್ನ ಬೆರಳೊಳಗೆ ಹಿಡಿದು, ಕಲಿಸಿದ್ದ.

ಚೆಸೀರಾ ಜಪಮಾಲೆಯನ್ನು ಗಂಟಿನ ಮೇಲೆ ಹರಡಿ, ಕರಿ ಅಂಗಿಯ ತೋಳನ್ನು ಕೆಳಕ್ಕೆಳೆದಳು.

ಅಡುಗೆಮನೆಯಲ್ಲಿ ಜನ ತುಂಬಿದ್ದರು. ಕ್ಷೌರಿಕ ತೂಲಿಯೊ ವೈನ್ ಲೋಟ ಹಿಡಿದು ಒಲೆಯ ಪಕ್ಕ ನಿಂತಿದ್ದ.

"ಹುತಾತ್ಮ ಅಂತೆ! ಪಕ್ಷದ ಧ್ವನಿವರ್ಧಕ ಕಟ್ಟೋಕೆ ಹೋಗಿ ಏಣಿಯಿಂದ ಬಿದ್ದೋನು ಹುತಾತ್ಮ ಆದ್ರೆ, ಅಟ್ಟದಿಂದ ಬಿದ್ದ ನಮ್ಮ ಬೆಕ್ಕಿಗೂ ಒಂದು ಪದಕ ಕೊಡ್ಲಿ."

"ಮೆಲ್ಲಗೆ ಮಾತಾಡೋ. ಕಾರ್ಯದರ್ಶಿ ಕವಲ್ಲಾರಿ ಅಂಗಳದಲ್ಲೇ ಇದಾನೆ," ಎಂದಳು ಪಲ್ಮೀರಾ. ಊರಿನ ಹೆಣಗಳನ್ನೆಲ್ಲ ತೊಳೆಯುವ ಮುದುಕಿ ಅವಳು. ಈ ಹೆಣವೊಂದನ್ನು ಮಾತ್ರ ತಾನೇ ತೊಳೆಯುತ್ತೇನೆಂದು ಚೆಸೀರಾ ಹಟ ಹಿಡಿದಿದ್ದಳು.

"ಸಂಜೆ ರೋಮಿನಿಂದ ನಾಯಕರ ಭಾಷಣ ಇದೆಯಲ್ಲ, ಏನು ಹೇಳ್ತಾರಂತೆ?" ಎಂದರು ಯಾರೋ.

"ಏನು ಹೇಳ್ತಾರೆ, ಯುದ್ಧ ಅಂತಾರೆ," ಎಂದ ತೂಲಿಯೊ. "ಜರ್ಮನ್ರು ಪ್ಯಾರಿಸ್ ಬಾಗಿಲಲ್ಲಿದಾರಂತೆ. ಊಟ ಮುಗಿಯೋದ್ರೊಳಗೆ ನಾವೂ ತಟ್ಟೆ ಹಿಡ್ಕೊಂಡು ಹೋಗಬೇಕಲ್ಲ."

"ಮೊದಲು ಎದುರು ಮಾತಾಡಿದವ್ರಿಗೆ ಹರಳೆಣ್ಣೆ ಕುಡಿಸಿದ್ರು," ಎಂದಳು ಪಲ್ಮೀರಾ, ಬ್ರೆಡ್ ಕೊಯ್ಯುತ್ತ. "ಬೇರೆಯವ್ರಿಗೆ ತಾನೆ ಅಂತ ಸುಮ್ಮನಿದ್ವಿ. ಆಮೇಲೆ ಪಕ್ಷದ ಕಾರ್ಡು ಕೊಟ್ರು, ಕೆಲಸ ಸಿಗುತ್ತಲ್ಲ ಅಂತ ತಗೊಂಡ್ವಿ. ಅಬಿಸೀನಿಯ ಯುದ್ಧಕ್ಕೆ ಅಂತ ಮದುವೆ ಉಂಗುರ ಬಿಚ್ಚಿಸ್ಕೊಂಡ್ರು, ಕೊಟ್ವಿ. ಈಗ ಮಕ್ಕಳನ್ನ ಕೇಳ್ತಾರೆ. ನಮಗೆ ಕೊಟ್ಟು ಅಭ್ಯಾಸ ಆಗಿದೆ."

ಚೆಸೀರಾ ಅದರ ಬದಲಿಗೆ ಸಿಕ್ಕಿದ್ದ, ತನ್ನ ಬೆರಳಿನ ಕಬ್ಬಿಣದ ಉಂಗುರವನ್ನು ನೋಡಿಕೊಂಡಳು. ಚಿನ್ನದ್ದನ್ನು ಕೊಟ್ಟ ದಿನ ಸಾಲಿನಲ್ಲಿದ್ದ ಹೆಂಗಸರೆಲ್ಲ ಅತ್ತಿದ್ದರು. ಅವಳು ಮಾತ್ರ, ಯಾರಿಗೂ ಕಾಣದ ಹಾಗೆ, ನಕ್ಕಿದ್ದಳು.

*

ಹತ್ತೊಂಬತ್ತು ವರ್ಷದ ಹಿಂದೆ, ಸೆಣಬು ಕೊಯ್ದು ಕೊಳದಲ್ಲಿ ನೆನೆಹಾಕಿದ್ದ ದಿನಗಳು. ಕೊಳೆತ ನೀರಿನ ನಾತ ಊರಿನ ಬ್ರೆಡ್ಡಿಗೂ ಹತ್ತಿತ್ತು. ಚೆಸೀರಾಳ ಅಣ್ಣ ಓಲಿಂದೊ ಕೂಲಿಕಾರರ ಸಂಘ ಕಟ್ಟಿದ್ದ. ಕೂಲಿ ನಿಗದಿಯಾಗುವವರೆಗೆ ನೆಂದ ಕಟ್ಟುಗಳನ್ನು ಯಾರೂ ಮೇಲೆತ್ತಕೂಡದು ಎಂದಿದ್ದ. ಜಮೀನ್ದಾರರ ಸೆಣಬು ಕೊಳದಲ್ಲೇ ಕೊಳೆಯತೊಡಗಿತ್ತು.

ಒಂದು ಸಂಜೆ ಜಮೀನ್ದಾರರದೇ ಲಾರಿಯಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡ ನಾಲ್ವರು ಕರಿ ಅಂಗಿಯ ಫ್ಯಾಸಿಸ್ಟರು ಬಂದರು. ಓಲಿಂದೊ ಸೂಪು ಕುಡಿಯುತ್ತಿದ್ದ. "ಒಂದು ನಿಮಿಷ ಮಾತಾಡೋದಿದೆ," ಎಂದರು. ಬೀದಿಯ ಕಿಟಕಿಗಳು ಒಂದೊಂದೇ ಮುಚ್ಚಿಕೊಂಡವು.

ಮರುದಿನ ಕೊಳದಿಂದ ಅವನನ್ನು ಎತ್ತಿದವರು ಚೆಸೀರಾ ಮತ್ತು ಪಲ್ಮೀರಾ. ಸೆಣಬಿನ ಕಟ್ಟುಗಳನ್ನು ಮುಳುಗಿಸಿಡುವ ಕಲ್ಲುಗಳ ಅಡಿಯಲ್ಲಿ, ಕಟ್ಟುಗಳ ಜೊತೆಗೇ ಮಲಗಿಸಿದ್ದರು. ಎರಡೂ ಮಣಿಕಟ್ಟುಗಳನ್ನು ಬಿಗಿದಿದ್ದ ದಾರವನ್ನು ಬಿಚ್ಚಲಾಗದೆ ಪಲ್ಮೀರಾ ಗಂಟಿನ ಎದುರು ಬದಿಗೆ ಕತ್ತರಿ ಹಾಕಿದಳು. ಗಂಟು ಹಾಗೇ ಉಳಿಯಿತು. ಅದನ್ನು ಚೆಸೀರಾ ಲಂಗದ ಒಳಜೇಬಿಗೆ ಹಾಕಿಕೊಂಡಳು.

ಬೆಳಕು ಹರಿಯುವ ಮೊದಲೇ, ಗಂಟೆ ಬಾರಿಸದೆ ಹೂಳಬೇಕೆಂದು ಅಪ್ಪಣೆಯಾಯಿತು. ಪಾದ್ರಿ ಕೂಡ ಅವನ ಹೆಸರನ್ನು ತುಟಿಯೊಳಗೇ ಹೇಳಿದರು. ಅಲ್ಲಿಂದಾಚೆಗೆ ಆ ಹೆಸರನ್ನು ಊರಿನಲ್ಲಿ ಯಾರೂ ಗಟ್ಟಿಯಾಗಿ ಆಡಲಿಲ್ಲ.

*

"ಒಂದು ಕೋರಿಕೆ ಇತ್ತು, ತಾಯಿ."

ಪಕ್ಷದ ಕಾರ್ಯದರ್ಶಿ ಕವಲ್ಲಾರಿ ಟೋಪಿ ಕಂಕುಳಲ್ಲಿಟ್ಟು ಒಳಗೆ ಬಂದಿದ್ದ. ತೂಲಿಯೊ ತನ್ನ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

"ಚೌಕದಲ್ಲಿ ಎರ್ಮೆತೆಯ ಹೆಸರು ಕೂಗೋದು ಪದ್ಧತಿ ಪ್ರಕಾರ ನಾನೇ. ಆದ್ರೆ ಇವತ್ತಿನಂಥ ದಿನ ಮತ್ತೆ ಬರಲ್ಲ. ಜಿಲ್ಲೆಯಿಂದ ದೊಡ್ಡವರು ಬಂದಿದಾರೆ. ಹುತಾತ್ಮನ ಹೆಂಡತಿ ತಾನೇ ನಿಂತು ಕೂಗಿದ್ರೆ..."

"ನಂಗೆ ಅದೆಲ್ಲ ಬರಲ್ಲ."

"ಬರೋಕೇನಿದೆ? ಹೆಸರು ಗಟ್ಟಿಯಾಗಿ ಹೇಳಿದ್ರೆ ಸಾಕು, ಮಿಕ್ಕಿದ್ದು ಜನ ನೋಡ್ಕೋತಾರೆ, ಸತ್ತವನ ಪರವಾಗಿ ಅವರೇ ಓಗೊಡ್ತಾರೆ. ಅವರನ್ನ ಹಾಗೆ ಪಳಗಿಸಿದೀವಿ." ಕವಲ್ಲಾರಿ ನಕ್ಕ. "ನನ್ನ ಕುದುರೆ ಹೆಸರು ಕೂಗಿದ್ರೂ 'ಹಾಜರ್' ಅಂತಾರೆ."

ಚೆಸೀರಾಳ ಕೈ ತಾನಾಗಿಯೇ ಒಳಜೇಬಿನ ಮೇಲೆ ಹೋಗಿ ನಿಂತಿತು.

"ಕೂಗ್ತೀನಿ," ಎಂದಳು.

ಕವಲ್ಲಾರಿ ಹೋದ ಮೇಲೆ ಪಲ್ಮೀರಾ ಅವಳ ತೋಳು ಹಿಡಿದು ಹೆಣವಿದ್ದ ಕೋಣೆಗೆ ಕರೆದೊಯ್ದಳು. ಜಪಮಾಲೆಯನ್ನು ಸರಿಸಿದಳು. ಗಂಟು ಕಂಡಿತು. ಮುದುಕಿ ಅದನ್ನು ನೋಡುತ್ತ ನಿಂತು, ಮಾಲೆಯನ್ನು ಮತ್ತೆ ಮುಚ್ಚಿದಳು.

"ಇವನೇನಾ?"

"ಇವನೇ."

"ಯಾವಾಗಿಂದ ಗೊತ್ತು?"

"ಲೀಡಾ ಹೊಟ್ಟೆಯಲ್ಲಿದ್ದಾಗಿಂದ."

ಪಲ್ಮೀರಾ ಶಿಲುಬೆಯ ಗುರುತು ಮಾಡಿಕೊಂಡಳು. "ನಿನ್ನ ಮುಖದಲ್ಲೇ ಕಾಣ್ತಿದೆ ಏನು ಕೂಗ್ತೀಯ ಅಂತ. ಕೂಗು. ನಿನ್ನನ್ನ ದ್ವೀಪಕ್ಕೆ ಗಡೀಪಾರು ಮಾಡ್ತಾರೆ, ಮಾಡ್ಲಿ. ಆದ್ರೆ ಜೇಬಲ್ಲಿರೋದನ್ನ ಇವನ ಪೆಟ್ಟಿಗೆಗೆ ಹಾಕ್ಬಿಡು. ಹುಡುಗಿಗೆ ಬೇಡ ಕಣೇ. ಅವಳಿಗೆ ಅಪ್ಪ ಅಂದ್ರೆ ಪ್ರಾಣ."

"ನಂಗೂ ಅಣ್ಣ ಅಂದ್ರೆ ಪ್ರಾಣ ಆಗಿತ್ತು."

"ಅವಳೇನು ತಪ್ಪು ಮಾಡಿದಾಳೆ?"

ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಪಲ್ಮೀರಾ ಚೆಸೀರಾಳ ಕೈಯನ್ನೇ ನೋಡುತ್ತಿದ್ದಳು. ಆ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

*

ಅಣ್ಣ ಸತ್ತ ಮೇಲೆ ಕಾರ್ಡಿಲ್ಲದ ಮನೆಗೆ ಕೂಲಿ ಸಿಗಲಿಲ್ಲ. ಅಮ್ಮ ಹೊಲದಂಚಿನ ಸೊಪ್ಪು ತಂದು ಬೇಯಿಸುತ್ತಿದ್ದಳು. ಆಗ ಬಂದವನು ಎರ್ಮೆತೆ, ಕೈಯಲ್ಲಿ ಒಂದು ತುಂಡು ಹಂದಿಮಾಂಸ ಹಿಡಿದು, ನಾಚಿಕೊಂಡು. ಅವನು ಕರಿ ಅಂಗಿಯವನೆಂದು ಗೊತ್ತಿತ್ತು. ಆಗ ಹೊಟ್ಟೆ ತುಂಬಿದ್ದ ಗಂಡಸರೆಲ್ಲ ಕರಿ ಅಂಗಿಯವರೇ. ಅಮ್ಮ ಮಾಂಸದ ವಾಸನೆಗೆ ಅತ್ತಳು. ಚೆಸೀರಾ ಮದುವೆಯಾದಳು.

ಆ ಚಳಿಗಾಲ, ತುಂಬು ಬಸುರಿ, ಮಂಜಿನ ಅಂಗಳದಲ್ಲಿ ಕುಳಿತು ಗಂಡ ಸಲಾಮಿ ಕಟ್ಟುವುದನ್ನು ಮೊದಲ ಸಲ ನೋಡಿದಳು. ಎರಡು ಸುತ್ತು. ಅಡಿಯಿಂದ ತೂರಿಸಿ, ಹಿಂದಕ್ಕೆ ಮಡಚಿ, ಹಲ್ಲಿನಿಂದ ಎಳೆತ. ಅವನು ತಲೆಯೆತ್ತಿ, "ಇದು ನಂದೇ ಗಂಟು, ಜಗತ್ತಲ್ಲಿ ಇನ್ಯಾರಿಗೂ ಬರಲ್ಲ," ಎಂದು ಹೆಮ್ಮೆಯಿಂದ ನಕ್ಕ. ಚೆಸೀರಾ ಎದ್ದು ಹಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬಸುರಿ ಹೆಂಗಸು, ಯಾರೂ ಏನೂ ಕೇಳಲಿಲ್ಲ.

ಅವನು ಒಂದು ದಿನವೂ ಕೈ ಎತ್ತಲಿಲ್ಲ. ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗಿದ, ಹುರಿದ ಹಂದಿಚರ್ಮವನ್ನು ಅವಳಿಗೆಂದು ಕಾಗದದಲ್ಲಿ ಸುತ್ತಿ ತಂದ, ಅಮ್ಮನ ಕಾಯಿಲೆಯಲ್ಲಿ ಎರಡು ವಾರ ಚಡಪಡಿಸಿದ. ಕೆಟ್ಟವನಾಗಿದ್ದಿದ್ದರೆ ದ್ವೇಷ ಎಷ್ಟು ಸುಲಭವಾಗಿರುತ್ತಿತ್ತು! ಅವನ ಪ್ರತಿಯೊಂದು ಒಳ್ಳೆಯತನವೂ ಅವಳಿಗೆ ಅಣ್ಣನ ಬಾಯಿಂದ ಕಿತ್ತು ತಂದ ತುತ್ತಿನಂತೆ ಕಂಡಿತು. ಅವಳು ತಿಂದಳು, ಅಡುಗೆ ಮಾಡಿದಳು, ಅವನ ಕರಿ ಅಂಗಿಗೆ ಇಸ್ತ್ರಿ ಹಾಕಿದಳು. ಪ್ರತಿ ಚಳಿಗಾಲವೂ ಆ ಅಂಗಳದಲ್ಲಿ ಕುಳಿತು ನೋಡಿದಳು, ಮರೆಯಬಾರದೆಂದು.

*

ಚೌಕದ ತುಂಬ ಜನ. ಶವಯಾತ್ರೆಗೆ ಬಂದವರು, ಭಾಷಣಕ್ಕೆ ಬಂದವರು ಒಂದೇ ಗುಂಪಾಗಿದ್ದರು. ಎರ್ಮೆತೆಯನ್ನು ಬೀಳಿಸಿದ ಧ್ವನಿವರ್ಧಕ ಬಾಲ್ಕನಿಯಲ್ಲಿ ಸೊಟ್ಟಗೆ ತೂಗುತ್ತ ಗೊರಗುಡುತ್ತಿತ್ತು. ಜಿಲ್ಲೆಯ ದೊಡ್ಡವರು ಗಡಿಯಾರ ನೋಡಿಕೊಂಡರು.

ಕವಲ್ಲಾರಿ ಕೈಸನ್ನೆ ಮಾಡಿದ. ಚೆಸೀರಾ ಪೆಟ್ಟಿಗೆಯ ತಲೆಭಾಗಕ್ಕೆ ಹೋಗಿ ನಿಂತಳು. ಪಕ್ಕದಲ್ಲಿ ಲೀಡಾ. ಇಷ್ಟು ವರ್ಷ ಆಡದ ಹೆಸರು, ಬಾಯಿಗೆ ಬರುವುದೋ ಇಲ್ಲವೋ ಎಂದು ಒಂದು ಕ್ಷಣ ಹೆದರಿದಳು.

"ಓಲಿಂದೊ ಫೆರ್ರಿ!"

"ಹಾಜರ್!"

ಇಡೀ ಚೌಕ ಒಂದೇ ಬಾಯಾಗಿ ಗುಡುಗಿತು. ಶಾಲೆಯ ಮಕ್ಕಳು, ಸಮವಸ್ತ್ರದ ಹುಡುಗರು, ಅವತ್ತು ಕಿಟಕಿ ಮುಚ್ಚಿಕೊಂಡವರು, ಜಮೀನ್ದಾರರ ಹೆಂಡಂದಿರು, ಎಲ್ಲರ ಬಲಗೈ ಒಟ್ಟಿಗೆ ಮೇಲೆ ಹೋಯಿತು. ಮುಂದಿನ ಸಾಲಿನಲ್ಲಿ ಕವಲ್ಲಾರಿಯೂ ಕೂಗಿದ್ದ. ಕೂಗಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಮುಖ ಸುಣ್ಣದಂತಾಯಿತು.

ತಾವು ಕೂಗಿದ್ದು ಯಾರಿಗೆಂದು ಒಬ್ಬೊಬ್ಬರಿಗೇ ಅರಿವಾಗತೊಡಗಿತು. ನಡುವಯಸ್ಸಿನವರ ಮುಖಗಳು ಮೊದಲು ಬಿಳಿಚಿದವು, ಆಮೇಲೆ ಮುದುಕರವು. ಕೈಗಳು ಮಾತ್ರ ಇಳಿಯಲಿಲ್ಲ. ಮೊದಲು ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ಒಂದು ಮುದಿ ದನಿ ಎದ್ದಿತು. "ಹಾಜರ್," ಎಂದಳು ಪಲ್ಮೀರಾ, ತನ್ನಷ್ಟಕ್ಕೆ, ಕೈಯೆತ್ತದೆ.

ಇಬ್ಬರು ಪೊಲೀಸರು ಗುಂಪಿನ ಅಂಚಿನಿಂದ ಹೊರಟರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ರೋಮಿನ ಜನಸಾಗರದ ಮೊರೆತ ಕೇಳಿಸಿತು. ಎಲ್ಲರೂ ಅಲುಗಾಡದೆ ಕೇಳಬೇಕೆಂದು ಅಪ್ಪಣೆಯಿತ್ತು. ಪೊಲೀಸರೂ ನಿಂತಲ್ಲೇ ನೆಟ್ಟಗಾದರು. ನಾಯಕನ ದನಿ ಬಾಲ್ಕನಿಯಿಂದ ಬೊಗಳತೊಡಗಿತು. ಯುದ್ಧ ಎಂಬ ಮಾತು ಬಂತು. ಯಾರೋ ತಾಯಿ ಬಿಕ್ಕಿದಳು.

"ಅಮ್ಮಾ," ಎಂದಳು ಲೀಡಾ ಪಿಸುದನಿಯಲ್ಲಿ. ಅವಳ ಕೈ ಇನ್ನೂ ಅರ್ಧ ಮೇಲಿತ್ತು. "ಅಪ್ಪನ ಹೆಸರು ತಪ್ಪಿ ಹೋಯ್ತಲ್ಲ. ಓಲಿಂದೊ ಯಾರು?"

"ನಿನ್ನ ಸೋದರಮಾವ. ಸೆಣಬಿನ ಕೊಳದಲ್ಲಿ ಸಿಕ್ಕಿದ. ಕೈ ಕಟ್ಟಿದ್ರು."

"ಯಾರು?"

ಗುಂಪಿನ ತಲೆಗಳ ನಡುವೆ ಪಲ್ಮೀರಾ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಚೆಸೀರಾ ಅವಳನ್ನು ನೋಡಿದಳು. ನೋಡಿಯೇ ಒಳಜೇಬಿಗೆ ಕೈ ಹಾಕಿ, ಕಪ್ಪಗಾಗಿ ಕಟ್ಟಿಗೆಯಂತೆ ಗಡುಸಾಗಿದ್ದ ದಾರದ ತುಂಡನ್ನು ತೆಗೆದು ಮಗಳ ಅಂಗೈಯಲ್ಲಿಟ್ಟಳು.

ಲೀಡಾ ಏನೆಂದು ತಿಳಿಯದೆ ಅಮ್ಮನ ಮುಖ ನೋಡಿದಳು. ಅವಳ ಹೆಬ್ಬೆರಳು ಮಾತ್ರ, ಅಪ್ಪ ಕಲಿಸಿದ ದಾರಿಯಲ್ಲಿ, ದಾರದ ಮೇಲೆ ತಾನಾಗಿಯೇ ಹರಿಯಿತು. ಎರಡು ಸುತ್ತು. ಅಡಿಯಿಂದ ತೂರಿ, ಹಿಂದಕ್ಕೆ ಮಡಚಿ, ಹಲ್ಲಿನ ಗುರುತಿದ್ದ ತುದಿಗೆ ಬಂದು ನಿಂತಿತು.