ಬೀರುವಿನೊಳಗಿನ ವೈಫೈ

ಪೆದ್ದಕಡುಬೂರು ಬಳಿಯ ಹಳ್ಳಿಯೊಂದರ ಅಂಗನವಾಡಿ ಟೀಚರ್ ದಸ್ತಗಿರಮ್ಮ ದಿನವೂ ಮಕ್ಕಳ ಹಾಜರಿಯನ್ನು ಫೋನಿನಲ್ಲಿ ಕಳಿಸಬೇಕಿತ್ತು. ಅಂಗನವಾಡಿಗೂ ಸೇರಿಸಿ ಪಕ್ಕದ ಪಂಚಾಯಿತಿ ಕಚೇರಿಗೆ ವೈಫೈ ಹಾಕಿಸಿ ತಿಂಗಳಾದರೂ ಅವಳಿಗೆ ಸಿಗ್ನಲ್ ಸಿಕ್ಕಿರಲಿಲ್ಲ. ಕೇಳಿದಾಗಲೆಲ್ಲ ಅಲ್ಲಿನ ಗುಮಾಸ್ತ ಎರ್ರಿಸ್ವಾಮಿ, "ನಿಮಗ ಫೋನ್ ನಡಸಾಕ ಬರಂಗಿಲ್ಲ ಟೀಚರಮ್ಮ," ಎಂದು ಎಲ್ಲರೆದುರು ನಗುತ್ತಿದ್ದ.

ಅಂದು ಅವಳಿಗೆ ರೇಗಿತು. ಕಚೇರಿಯ ಮಾಳಿಗೆಯಿಂದ ಇಳಿದ ವೈರಿನ ಜಾಡು ಹಿಡಿದೇ ಹೋದಳು. ಅದು ಕಬ್ಬಿಣದ ಬೀರುವಿನೊಳಗೆ ಹೊಕ್ಕಿತ್ತು!

"ವೈಫೈ ಪೆಟ್ಟಿಗಿ ಕಳುವಾದ್ರ ಯಾರು ಜವಾಬ್ದಾರಿ?" ಎಂದ ಎರ್ರಿಸ್ವಾಮಿ.

"ಕಬ್ಬಿಣದಾಗ ಮುಚ್ಚಿಟ್ರ ಸಿಗ್ನಲ್ ಹೆಂಗ ಹೊರಗ ಬರತೈತಿ? ನಿನ್ನ ತಪ್ಪಿಗೆ ನಾನು ದಡ್ಡಿ ಆದ್ನೇನಪ್ಪ?"

ಅಲ್ಲೇ ನಿಂತು ಬೀಗ ತೆಗೆಸಿ, ಪೆಟ್ಟಿಗೆಯನ್ನು ಬಾಗಿಲ ಮೇಲಿನ ಗೋಡೆಗೆ ಕೂರಿಸಿದಳು. ಹಾಜರಿ ಕ್ಷಣದಲ್ಲಿ ಹೋಯಿತು. ಎರ್ರಿಸ್ವಾಮಿ ತರಿಸಿದ ಚಹಾವನ್ನು ಮಾತ್ರ ಅವಳು ಮುಟ್ಟಲಿಲ್ಲ.